ಫೇಲಾದವನು ಬರೆದ ಆಫೀಸಿನ ಹಾಡುಗಳು

1925ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ಹದಿನೈದು ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮನೆಗೆ ಕಳಿಸಿತು. ಇಂಗ್ಲಿಷ್ ಮತ್ತು ವ್ಯಾಯಾಮ, ಇವೆರಡು ಬಿಟ್ಟು ಉಳಿದ ಎಲ್ಲ ವಿಷಯಗಳಲ್ಲೂ ಆತ ಫೇಲ್. ಅದಕ್ಕೂ ಮುಂಚೆ ಟೌನ್‌ಸೆಂಡ್ ಹ್ಯಾರಿಸ್ ಎಂಬ ಹೈಸ್ಕೂಲಿನಿಂದಲೂ ಹೊರಬಿದ್ದಿದ್ದ. ಚುರುಕು ಬುದ್ಧಿಯ ಹುಡುಗರನ್ನು ಆರಿಸಿ ತೆಗೆದುಕೊಳ್ಳುತ್ತಿದ್ದ ಶಾಲೆ ಅದು. ಅಂದರೆ ತಲೆ ಇತ್ತು, ಓದುವ ಮನಸ್ಸಿರಲಿಲ್ಲ. ಹುಡುಗನ ಹೆಸರು ಫ್ರಾಂಕ್ ಲೆಸ್ಸರ್. ಮೂವತ್ತೇಳು ವರ್ಷಗಳ ನಂತರ, 1962ರಲ್ಲಿ, ಇದೇ ಫ್ರಾಂಕ್‌ಗೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಬಂತು. ಬಂದದ್ದು ಯಾವ ಕೃತಿಗೆ ಗೊತ್ತೇ? ಏನೂ ಕೆಲಸ ಮಾಡದೆ ಕಂಪನಿಯಲ್ಲಿ ಮೇಲೇರುವುದು ಹೇಗೆ ಎಂಬ ತಮಾಷೆಯ ಸಂಗೀತ ನಾಟಕಕ್ಕೆ.

ಆ ನಾಟಕದ ಹೆಸರು ‘ಹೌ ಟು ಸಕ್ಸೀಡ್ ಇನ್ ಬಿಸಿನೆಸ್ ವಿದೌಟ್ ರಿಯಲಿ ಟ್ರೈಯಿಂಗ್’. 1967ರಲ್ಲಿ ಅದು ಸಿನಿಮಾ ಆಯಿತು. ನನಗೆ ಅದರ ಡಿವಿಡಿ ಸಿಕ್ಕಿದ್ದು ಗೆಳೆಯನ ಅಣ್ಣನ ಹಳೆಯ ಪೆಟ್ಟಿಗೆಯಲ್ಲಿ, ಬಿ.ಇ. ಮೂರನೇ ವರ್ಷದ ಮಧ್ಯದಲ್ಲಿ, ಪ್ಲೇಸ್‌ಮೆಂಟ್ ತರಬೇತಿ ಶುರುವಾಗಿದ್ದ ದಿನಗಳಲ್ಲಿ. ಬೆಳಿಗ್ಗೆಯೆಲ್ಲ ಕೈ ಕುಲುಕುವುದು ಹೇಗೆ, ಕುರ್ಚಿಯಲ್ಲಿ ಕೂರುವುದು ಹೇಗೆ, ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿರುವವರ ಹಾಗೆ ಮುಖ ಮಾಡುವುದು ಹೇಗೆ ಎಂದು ಹೇಳಿಸಿಕೊಂಡು ಬಂದವರಿಗೆ ಆ ಸಿನಿಮಾ ಹೇಗೆ ಕಂಡಿರಬೇಕು, ಊಹಿಸಿಕೊಳ್ಳಿ.

ಕಥೆ ಚಿಕ್ಕದು. ಫಿಂಚ್ ಎಂಬ ಹುಡುಗ ದೊಡ್ಡ ಕಟ್ಟಡದ ಕಿಟಕಿ ಗಾಜು ಒರೆಸುವವನು. ಕೈಯಲ್ಲೊಂದು ಪುಸ್ತಕ, ಯಶಸ್ಸಿನ ಸೂತ್ರಗಳ ಕೈಪಿಡಿ. ಅದನ್ನು ಓದಿಕೊಂಡೇ ವರ್ಲ್ಡ್ ವೈಡ್ ವಿಕೆಟ್ ಎಂಬ ಕಂಪನಿಯೊಳಗೆ ಕಾಲಿಡುತ್ತಾನೆ. (ಈ ವಿಕೆಟ್ ಕ್ರಿಕೆಟ್ಟಿನದಲ್ಲ. ಕಂಪನಿ ತಯಾರಿಸುವುದು ನಿಜಕ್ಕೂ ಏನನ್ನು ಎಂಬುದು ಸಿನಿಮಾ ಮುಗಿದರೂ ತಿಳಿಯುವುದಿಲ್ಲ. ಅಲ್ಲಿ ಯಾರಿಗೂ ಅದು ಮುಖ್ಯವಲ್ಲ ಎಂಬುದೇ ತಮಾಷೆ.) ಬಾಗಿಲಲ್ಲೇ ಕಂಪನಿಯ ಅಧ್ಯಕ್ಷ ಬಿಗ್ಲಿಗೆ ಡಿಕ್ಕಿ ಹೊಡೆದು ಬೈಸಿಕೊಳ್ಳುತ್ತಾನೆ. ಮರುಕ್ಷಣವೇ ನೇಮಕಾತಿ ಅಧಿಕಾರಿಯ ಬಳಿ ಹೋಗಿ, ಈಗಷ್ಟೇ ಅಧ್ಯಕ್ಷರ ಜೊತೆ ಮಾತಾಡಿ ಬಂದೆ ಎನ್ನುತ್ತಾನೆ. ಮಾತು ಸುಳ್ಳಲ್ಲ. ಕೆಲಸ ಸಿಗುತ್ತದೆ. ಶುರುವಾಗುವುದು ಟಪಾಲು ಸೆಕ್ಷನ್ನಿನಲ್ಲಿ. ಶನಿವಾರ ಬೆಳಿಗ್ಗೆ ಅಧ್ಯಕ್ಷ ಬರುವುದಕ್ಕೆ ಸ್ವಲ್ಪ ಮುಂಚೆ ಬಂದು, ಮೇಜಿನ ಮೇಲೆ ಕಾಗದ ಹರಡಿ, ಕೂದಲು ಕೆದರಿಕೊಂಡು ರಾತ್ರಿಯಿಡೀ ದುಡಿದವನಂತೆ ಒರಗಿರುತ್ತಾನೆ. ಅಧ್ಯಕ್ಷ ಓದಿದ ಕಾಲೇಜಿನ ಹಾಡು ಗುನುಗುತ್ತಾನೆ. ಅಧ್ಯಕ್ಷನಿಗೆ ಗುಟ್ಟಾಗಿ ಉಲ್ಲನ್ ಹೆಣೆಯುವ ಹವ್ಯಾಸವಿದೆ ಎಂದು ಗೊತ್ತಾದ ಮೇಲೆ ತಾನೂ ಹೆಣೆಯುವವನಾಗುತ್ತಾನೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ತುದಿಗೆ.

ಫಿಂಚ್ ಆಗಿ ನಟಿಸಿದ್ದು ರಾಬರ್ಟ್ ಮೋರ್ಸ್. ‘ಮ್ಯಾಡ್ ಮೆನ್’ ಧಾರಾವಾಹಿ ನೋಡಿದವರಿಗೆ ಈತ ಗೊತ್ತು, ಬೂಟು ಬಿಚ್ಚಿಟ್ಟು ಓಡಾಡುವ ಮುದಿ ಬಾಸ್ ಬರ್ಟ್ ಕೂಪರ್. ನಾನು ನಕ್ಕೆ, ನಿಜ. ಆದರೆ ಒಂದು ಕಿರಿಕಿರಿ ಉಳಿಯಿತು. ಇಷ್ಟೇನಾ? ಮೈಕ್ರೊಪ್ರೊಸೆಸರ್ ಯಾಕೆ ಓದಬೇಕು, ಮುಖದ ಮೇಲೆ ನಗು ಇಟ್ಟುಕೊಂಡರೆ ಸಾಕಲ್ಲ? ಇದನ್ನು ಬರೆದವರೂ ಹೀಗೇ ಮೇಲೆ ಬಂದವರೇ ಎಂದು ಹುಡುಕಲು ಹೋದಾಗ ಸಿಕ್ಕಿದವನು ಫ್ರಾಂಕ್ ಲೆಸ್ಸರ್. ನಾಟಕದ ಹಾಡುಗಳ ಸಾಹಿತ್ಯ, ಸಂಗೀತ ಎರಡೂ ಆತನದೇ.

ಫ್ರಾಂಕ್ ಹುಟ್ಟಿದ್ದು 1910ರ ಜೂನ್ 29ರಂದು, ನ್ಯೂಯಾರ್ಕಿನಲ್ಲಿ. ತಂದೆ ಹೆನ್ರಿ ಜರ್ಮನಿಯಿಂದ ವಲಸೆ ಬಂದ ಯಹೂದಿ, ಪಿಯಾನೊ ಮೇಷ್ಟ್ರು. ಮೊದಲ ಹೆಂಡತಿ ತೀರಿಕೊಂಡ ಮೇಲೆ ಆಕೆಯ ತಂಗಿಯನ್ನೇ ಮದುವೆಯಾದ. ನಮ್ಮ ಹಳ್ಳಿಗಳಲ್ಲಿ ನಡೆಯುವಂಥದ್ದೇ. ಮೊದಲ ಹೆಂಡತಿಯ ಮಗ ಆರ್ಥರ್, ಎರಡನೆಯಾಕೆಯ ಮಗ ಫ್ರಾಂಕ್. ಇಬ್ಬರ ನಡುವೆ ಹದಿನಾರು ವರ್ಷದ ಅಂತರ.

ಅಣ್ಣ ಆರ್ಥರ್ ಮನೆಯ ಹೆಮ್ಮೆ. ಫ್ರಾಂಕ್ ಇನ್ನೂ ಪುಟ್ಟವನಿದ್ದಾಗಲೇ ಬರ್ಲಿನ್‌ನಲ್ಲಿ ಕಛೇರಿ ಕೊಟ್ಟು ಬಂದ ಪಿಯಾನೊ ವಾದಕ. ಮುಂದೆ ಕ್ಲೀವ್‌ಲ್ಯಾಂಡ್ ಸಂಗೀತ ಸಂಸ್ಥೆಯಲ್ಲಿ ಪ್ರಾಧ್ಯಾಪಕ, ಪತ್ರಿಕೆಯ ಸಂಗೀತ ವಿಮರ್ಶಕ, ಪಿಯಾನೊ ಚರಿತ್ರೆಯ ಬಗ್ಗೆ ಹೆಸರಾಂತ ಪುಸ್ತಕ ಬರೆದವನು. ಆ ಮನೆಯಲ್ಲಿ ಸಂಗೀತ ಎಂದರೆ ಬಾಖ್, ಬೀಥೋವನ್. ಪೇಟೆಯ ಜನಪ್ರಿಯ ಹಾಡು ಎಂದರೆ ಮೂಗು ಮುರಿಯುವ ವಿಷಯ. ಕಿರಿಯವನಿಗೆ ಬೇಕಾದದ್ದೇ ಅದು. ತಂದೆಯ ಹತ್ತಿರ ಪಾಠಕ್ಕೆ ಕೂರಲಿಲ್ಲ. ಹಾರ್ಮೋನಿಕಾ ಹಿಡಿದು ತಾನೇ ಕಲಿತ, ಪಿಯಾನೊ ಕಿವಿಯಲ್ಲಿ ಕೇಳಿ ನುಡಿಸಿದ. ಇಂಗ್ಲಿಷಿನಲ್ಲಿ ಲೆಸ್ಸರ್ ಎಂದರೆ ಕಡಿಮೆಯವನು ಎಂದೇ ಅರ್ಥ ಬರುತ್ತದೆ. ಆ ಹೆಸರಿನ ಇಬ್ಬರಲ್ಲಿ ಯಾರು ಹೆಚ್ಚು, ಯಾರು ಕಡಿಮೆ ಎಂಬ ಬಗ್ಗೆ ಆ ಮನೆಯಲ್ಲಿ ಯಾರಿಗೂ ಅನುಮಾನ ಇದ್ದಿರಲಾರದು.

ಕಾಲೇಜು ಬಿಟ್ಟ ಮರುವರ್ಷ, 1926ರ ಜುಲೈಯಲ್ಲಿ, ತಂದೆ ಇದ್ದಕ್ಕಿದ್ದಂತೆ ತೀರಿಕೊಂಡ. ಹದಿನಾರನೇ ವಯಸ್ಸಿಗೆ ಮನೆಗೆ ದುಡಿದು ತರಬೇಕಾಯಿತು. ಆಮೇಲಿನ ಹತ್ತು ವರ್ಷ ಆತ ಮಾಡಿದ ಕೆಲಸಗಳನ್ನು ಕೇಳಿ: ಪತ್ರಿಕೆಯೊಂದಕ್ಕೆ ವರ್ಗೀಕೃತ ಜಾಹೀರಾತು ಹಿಡಿದು ತರುವುದು. ಕೋರ್ಟಿನ ಸಮನ್ಸ್ ಮುಟ್ಟಿಸುವುದು, ನಮ್ಮಲ್ಲಿ ಅಮೀನರು ಮಾಡುತ್ತಾರಲ್ಲ ಅದು. ಹೋಟೆಲುಗಳ ಊಟದ ಬಗ್ಗೆ ಬರೆಯುವುದು. ಸಣ್ಣ ಊರಿನ ಪತ್ರಿಕೆಗೆ ರಾಜಕೀಯ ವ್ಯಂಗ್ಯಚಿತ್ರ. ಇನ್ನೊಂದು ಪುಟ್ಟ ಪತ್ರಿಕೆಯಲ್ಲಿ ನಗರ ಸುದ್ದಿ ಸಂಪಾದಕ, ಆ ಪತ್ರಿಕೆಯೇ ಬೇಗ ಮುಚ್ಚಿಹೋಯಿತು. ಚಿಕ್ಕ ಸಿನಿಮಾ ಕಂಪನಿಗೆ ಪ್ರಚಾರ. ಜೊತೆಗೆ ‘ವಿಮೆನ್ಸ್ ವೇರ್ ಡೈಲಿ’ ಎಂಬ ಬಟ್ಟೆ ವ್ಯಾಪಾರದ ಪತ್ರಿಕೆಯಲ್ಲಿ ಹೆಣೆದ ಉಡುಪುಗಳ ವಿಭಾಗದ ಸಂಪಾದಕ. ಇಲ್ಲಿಗೆ ಬಂದಾಗ ನಾನು ಓದುವುದನ್ನು ನಿಲ್ಲಿಸಿ ಸಿನಿಮಾ ನೆನಪು ಮಾಡಿಕೊಂಡೆ. ಉಲ್ಲನ್ ಹೆಣೆಯುವ ಬಾಸ್! ಎರಡಕ್ಕೂ ಸಂಬಂಧವಿದೆ ಎನ್ನುತ್ತಿಲ್ಲ, ನನಗೆ ನಗು ಬಂತು ಅಷ್ಟೆ.

ನಮ್ಮ ರೆಸ್ಯೂಮೆಯಲ್ಲಿ ಆರು ತಿಂಗಳ ಗ್ಯಾಪ್ ಇದ್ದರೆ ಎಷ್ಟು ತಲೆಕೆಡಿಸಿಕೊಳ್ಳುತ್ತೇವೆ. ಈ ಪಟ್ಟಿಯನ್ನು ಹಿಡಿದುಕೊಂಡು ಬಂದವನನ್ನು ಯಾವ ಕಂಪನಿ ಒಳಗೆ ಬಿಡುತ್ತಿತ್ತು? ಆದರೆ ಒಂದನ್ನು ಗಮನಿಸಿ. ಪ್ರತಿ ಕೆಲಸದಲ್ಲೂ ಆತ ಮಾಡಿದ್ದು ಜನ ಮಾತಾಡುವುದನ್ನು ಕೇಳುವುದು: ಗಿರಾಕಿ, ಮೇನೇಜರ್, ಸಮನ್ಸ್ ತೆಗೆದುಕೊಳ್ಳದೆ ಬಾಗಿಲು ಹಾಕಿಕೊಳ್ಳುವವರು, ಗುಮಾಸ್ತರು. ಮುಂದೆ ಆತನ ಹಾಡುಗಳಲ್ಲಿ ಬರುವುದು ಇವರದೇ ಮಾತು.

ಹಾಡು ಬರೆಯುವುದೂ ಇದರ ಮಧ್ಯೆಯೇ ನಡೆದಿತ್ತು. 1931ರಲ್ಲಿ ಮೊದಲ ಹಾಡು ಅಚ್ಚಾಯಿತು. ಅದಕ್ಕೆ ರಾಗ ಹಾಕಿದ್ದವನು ವಿಲಿಯಂ ಶೂಮನ್ ಎಂಬ ಗೆಳೆಯ. ಆ ಶೂಮನ್ ಮುಂದೆ ದೊಡ್ಡ ಶಾಸ್ತ್ರೀಯ ಸಂಗೀತಗಾರನಾಗಿ, ಜೂಲಿಯಾರ್ಡ್ ಸಂಗೀತ ಶಾಲೆಯ ಅಧ್ಯಕ್ಷನಾದ. ಹಾಡು ಮಾತ್ರ ಓಡಲಿಲ್ಲ. 1936ರಲ್ಲಿ ಬ್ರಾಡ್‌ವೇಯಲ್ಲಿ ಫ್ರಾಂಕ್‌ನ ಹಾಡುಗಳಿದ್ದ ಒಂದು ಪ್ರದರ್ಶನ ಬಂತು, ಐದೇ ರಾತ್ರಿಗೆ ಮುಚ್ಚಿತು. ಆದರೂ ಆ ಸೋಲೇ ಆತನನ್ನು ಹಾಲಿವುಡ್ಡಿಗೆ ಕರೆದೊಯ್ಯಿತು, ಯೂನಿವರ್ಸಲ್ ಸ್ಟುಡಿಯೊದಲ್ಲಿ ಸಂಬಳದ ಕೆಲಸ ಸಿಕ್ಕಿತು. ಆಮೇಲೆ ಪ್ಯಾರಮೌಂಟ್. ಅಲ್ಲಿ ಹಾಡಿನ ಸಾಹಿತ್ಯ ಬರೆಯುವವನೂ ನೌಕರನೇ, ಅವನಿಗೂ ಮೇಲೊಬ್ಬ ಬಾಸ್. 1938ರಲ್ಲಿ ಹೋಗಿ ಕಾರ್ಮೈಕೇಲ್‌ನ ರಾಗಕ್ಕೆ ಬರೆದ ‘ಹಾರ್ಟ್ ಅಂಡ್ ಸೋಲ್’ ನಿಮಗೂ ಗೊತ್ತಿರಬಹುದು. ಕೀಬೋರ್ಡ್ ಮುಂದೆ ಕೂತ ಮಕ್ಕಳು ಇಬ್ಬರಿಬ್ಬರಾಗಿ ನುಡಿಸುವ ಆ ರಾಗ ಅದೇ.

ಅಲ್ಲಿಯವರೆಗೆ ಫ್ರಾಂಕ್ ಪದ ಬರೆಯುವವನು ಮಾತ್ರ, ರಾಗ ಬೇರೆಯವರದು. ಯುದ್ಧದ ಸಮಯದಲ್ಲಿ, 1942ರಲ್ಲಿ, ‘ಪ್ರೇಸ್ ದ ಲಾರ್ಡ್ ಅಂಡ್ ಪಾಸ್ ದಿ ಅಮ್ಯುನಿಷನ್’ ಎಂಬ ಹಾಡು ಬರೆದ. ಪದಗಳು ಕೂರುತ್ತವೆಯೋ ನೋಡಲು ತಾತ್ಕಾಲಿಕವಾಗಿ ಒಂದು ರಾಗ ಕಟ್ಟಿಕೊಂಡಿದ್ದ. ಕೇಳಿದ ಗೆಳೆಯರು ಇದನ್ನೇ ಇಟ್ಟುಬಿಡು ಎಂದರು. ಹಾಡು ದೇಶಪೂರ್ತಿ ಹರಡಿತು. ಪಿಯಾನೊ ಮೇಷ್ಟ್ರ ಮಗ ಸಂಗೀತಗಾರ ಅನ್ನಿಸಿಕೊಂಡಾಗ ವಯಸ್ಸು ಮೂವತ್ತೆರಡು, ಅದೂ ಟೆಂಪರರಿ ರಾಗದಿಂದ. 1944ರಲ್ಲಿ ಹೊಸಮನೆಗೆ ಬಂದ ಅತಿಥಿಗಳ ಮುಂದೆ ಹೆಂಡತಿ ಲಿನ್ ಜೊತೆ ಹಾಡಲೆಂದು ‘ಬೇಬಿ, ಇಟ್ಸ್ ಕೋಲ್ಡ್ ಔಟ್‌ಸೈಡ್’ ಬರೆದ. ಕೆಲವು ವರ್ಷ ಅದು ಗಂಡಹೆಂಡಿರ ಪಾರ್ಟಿ ಹಾಡಾಗಿಯೇ ಇತ್ತು. ನಂತರ ಅದನ್ನು ಎಂಜಿಎಂ ಸ್ಟುಡಿಯೊಗೆ ಮಾರಿದ. ತಮ್ಮಿಬ್ಬರದು ಎಂದುಕೊಂಡಿದ್ದ ಲಿನ್‌ಗೆ ಬಹಳ ನೋವಾಯಿತು. 1949ರ ‘ನೆಪ್ಚೂನ್ಸ್ ಡಾಟರ್’ ಸಿನಿಮಾದಲ್ಲಿ ಬಂದ ಆ ಹಾಡಿಗೆ ಆಸ್ಕರ್ ಸಿಕ್ಕಿತು. ಮುಂದೆ ಆ ಮದುವೆ ಮುರಿಯಿತು. ಹಾಡಿನಿಂದಲೇ ಅಲ್ಲ. ಆದರೆ ಫ್ರಾಂಕ್‌ಗೂ ತನ್ನದೇ ಆದ ಆಫೀಸ್ ಬುದ್ಧಿ ಇತ್ತು ಎನ್ನುವುದಕ್ಕೆ ಇದೊಂದು ಸಾಕ್ಷಿ.

1950ರ ನವೆಂಬರಿನಲ್ಲಿ ‘ಗೈಸ್ ಅಂಡ್ ಡಾಲ್ಸ್’ ಬ್ರಾಡ್‌ವೇ ರಂಗಕ್ಕೆ ಬಂತು. ಜೂಜುಕೋರರ ಕಥೆ, 1,200 ಪ್ರದರ್ಶನ. ಅದರ ಮೊದಲ ಹಾಡಿನ ಬಗ್ಗೆ ಹೇಳಲೇಬೇಕು. ಮೂವರು ಜೂಜುಕೋರರು ಕುದುರೆ ರೇಸಿನ ಪತ್ರಿಕೆ ಹಿಡಿದು, ಇಂದು ಗೆಲ್ಲುವುದು ನನ್ನ ಕುದುರೆಯೇ ಎಂದು ವಾದಿಸುತ್ತಾರೆ. ಒಬ್ಬ ಒಂದು ಸಾಲು ಶುರು ಮಾಡಿದ ಮೇಲೆ ಎರಡನೆಯವನು ಅದೇ ರಾಗ ಹಿಡಿದು ಹಿಂದಿನಿಂದ ಬರುತ್ತಾನೆ, ಆಮೇಲೆ ಮೂರನೆಯವನು, ಮೂರೂ ಒಂದರ ಮೇಲೊಂದು ಹೆಣೆದುಕೊಳ್ಳುತ್ತವೆ. ಹಾಡಿನ ಹೆಸರಿನಲ್ಲೇ ಫ್ರಾಂಕ್ ಅದನ್ನು ಫ್ಯೂಗ್ ಎಂದು ಕರೆದ. ಫ್ಯೂಗ್ ಎಂದರೆ ಬಾಖ್‌ನ ಕಾಲದ ಗಂಭೀರ ಶಾಸ್ತ್ರೀಯ ಪ್ರಕಾರ. ತಂದೆಯ ಹತ್ತಿರ ಕಲಿಯಲೊಲ್ಲೆ ಎಂದವನ ಕಿವಿಗೆ ಪಕ್ಕದ ಕೋಣೆಯ ಪಾಠವೆಲ್ಲ ಬಿದ್ದಿತ್ತು ಅನ್ನಿಸುತ್ತದೆ. ಕಾಲೇಜು ಬಿಟ್ಟರೂ ಗೆಲ್ಲಬಹುದು ಎನ್ನುವವರು ಈತನ ಉದಾಹರಣೆ ಕೊಡುವ ಮುಂಚೆ ಆ ಪಕ್ಕದ ಕೋಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ. ಅಂಥ ಕೋಣೆ ಎಲ್ಲರ ಮನೆಯಲ್ಲಿರುವುದಿಲ್ಲ.

ಕೆಲಸದಲ್ಲಿ ಆತ ಸಿಡುಕ. ಬೆಳಗಿನ ಜಾವ ನಾಲ್ಕೈದಕ್ಕೇ ಎದ್ದು ಬರೆಯಲು ಕೂರುತ್ತಿದ್ದ, ಒಂದರ ಹಿಂದೊಂದು ಸಿಗರೇಟು. ತನ್ನ ಹಾಡನ್ನು ಗಟ್ಟಿಯಾಗಿ ಹಾಡಬೇಕು, ಕೊನೆಯ ಸಾಲಿನಲ್ಲಿ ಕೂತವನಿಗೂ ಪ್ರತಿ ಪದ ಕೇಳಬೇಕು. ‘ಗೈಸ್ ಅಂಡ್ ಡಾಲ್ಸ್’ ತಾಲೀಮಿನಲ್ಲಿ ನಾಯಕಿ ಇಸಬೆಲ್ ಬಿಗ್ಲಿ ತಾನು ಬಯಸಿದಂತೆ ಹಾಡಲಿಲ್ಲವೆಂದು ಆಕೆಗೆ ಹೊಡೆದೇಬಿಟ್ಟ. ಆಮೇಲೆ ಕ್ಷಮೆ ಕೇಳಿ ಉಡುಗೊರೆ ಕೊಟ್ಟ. ಈ ಪ್ರಸಂಗವನ್ನು ಹಲವರು ಪ್ರತಿಭಾವಂತನ ಕೋಪ ಎಂದು ನಗುತ್ತಾ ಹೇಳುತ್ತಾರೆ. ನನಗೆ ನಗು ಬರಲಿಲ್ಲ.

ವ್ಯವಹಾರದಲ್ಲಿ ಗಟ್ಟಿಗ. ಬೇರೆಯವರಿಗೆ ಹಾಡು ಮಾರಿ ಸಾಕಾಗಿ ಫ್ರಾಂಕ್ ಮ್ಯೂಸಿಕ್ ಎಂಬ ಪ್ರಕಾಶನ ಕಂಪನಿ ಕಟ್ಟಿದ. ರಿಚರ್ಡ್ ಆಡ್ಲರ್, ಜೆರ್ರಿ ರಾಸ್ ಎಂಬ ಹೊಸಬರಿಗೆ ದಾರಿ ಮಾಡಿಕೊಟ್ಟ. ಅವರು ಮಾಡಿದ ‘ದ ಪಜಾಮ ಗೇಮ್’ ಒಂದು ಪೈಜಾಮ ಕಾರ್ಖಾನೆಯ ಕಾರ್ಮಿಕರ ಕಥೆ, ಅದೂ ಯಶಸ್ವಿ. ಹೀಗೆ ಐವತ್ತರ ಹೊತ್ತಿಗೆ ಆತನೇ ಬಾಸ್, ಆತನಿಗೂ ಒಂದು ಆಫೀಸು, ಅಲ್ಲೂ ನೌಕರರು. ನಡುವೆ ‘ದ ಮೋಸ್ಟ್ ಹ್ಯಾಪಿ ಫೆಲ್ಲಾ’ ಎಂಬ ಹೆಚ್ಚುಕಡಿಮೆ ಅಪೆರಾದಂಥ ನಾಟಕವನ್ನು ವರ್ಷಗಟ್ಟಲೆ ಕೂತು ಬರೆದ. ಅದರ ರಂಗಪಠ್ಯ, ಸಾಹಿತ್ಯ, ಸಂಗೀತ ಮೂರೂ ಆತನದೇ, 1956ರಲ್ಲಿ ರಂಗಕ್ಕೆ ಬಂತು. ಅದರ ಹಿಂದೆಯೇ ಬಂದ ‘ಗ್ರೀನ್‌ವಿಲೋ’ 1960ರಲ್ಲಿ ಬಿದ್ದಿತು, ನೂರು ಪ್ರದರ್ಶನವನ್ನೂ ಕಾಣಲಿಲ್ಲ.

ಆ ಸೋಲಿನ ಬೆನ್ನಿಗೇ ಆಫೀಸಿನ ನಾಟಕ ಬಂತು. ಮೂಲ 1952ರ ಒಂದು ಪುಸ್ತಕ. ಬರೆದವನು ಶೆಫರ್ಡ್ ಮೀಡ್, ಬೆಂಟನ್ ಅಂಡ್ ಬೋಲ್ಸ್ ಎಂಬ ಜಾಹೀರಾತು ಕಂಪನಿಯ ಟಪಾಲು ಸೆಕ್ಷನ್ ಸೇರಿ ಉಪಾಧ್ಯಕ್ಷನಾದವನು. ಯಶಸ್ಸಿನ ಕೈಪಿಡಿಗಳನ್ನು ಅಣಕಿಸಲು ಕೈಪಿಡಿಯ ಧಾಟಿಯಲ್ಲೇ ಬರೆದಿದ್ದ. ಅದನ್ನು ರಂಗಕ್ಕೆ ತಂದವರಲ್ಲಿ ಮುಖ್ಯ ಏಬ್ ಬರೋಸ್, ‘ಗೈಸ್ ಅಂಡ್ ಡಾಲ್ಸ್’ ಕಾಲದ ಗೆಳೆಯ, ಈತನೂ ಯೌವನದಲ್ಲಿ ವಾಲ್ ಸ್ಟ್ರೀಟ್ ಕಚೇರಿಯಲ್ಲಿ ಓಡಾಟದ ಕೆಲಸ ಮಾಡಿದವನು. ಫ್ರಾಂಕ್‌ಗೆ ಮೊದಲು ಮನಸ್ಸಿರಲಿಲ್ಲ. ಬರೋಸ್ ಒಪ್ಪಿಸಿದ. 1961ರ ಅಕ್ಟೋಬರ್ 14ರಂದು ಶುರುವಾದ ನಾಟಕ 1,417 ಪ್ರದರ್ಶನ ಕಂಡಿತು.

ಈ ಹಾಡುಗಳಲ್ಲಿ ಏನಿದೆ ಎಂದು ಎರಡು ಉದಾಹರಣೆ ಕೊಡುತ್ತೇನೆ. ಟಪಾಲು ಸೆಕ್ಷನ್ನಿನ ಮುಖ್ಯಸ್ಥ ಟ್ವಿಂಬಲ್ ಇಪ್ಪತ್ತೈದು ವರ್ಷ ಅಲ್ಲೇ ಉಳಿದವನು. ಕಂಪನಿ ಹೇಳಿದ್ದಕ್ಕೆಲ್ಲ ಹೂಂ ಎನ್ನುವುದು, ಸ್ವಂತ ಯೋಚನೆ ಇಟ್ಟುಕೊಳ್ಳದಿರುವುದು, ಇಷ್ಟೇ ಬದುಕುವ ದಾರಿ ಎಂದು ಫಿಂಚ್‌ಗೆ ಹಾಡಿನಲ್ಲಿ ಪಾಠ ಹೇಳುತ್ತಾನೆ. ರಾಗ ಕುಣಿಯುವಂಥದ್ದು, ಆತನ ಮುಖದಲ್ಲಿ ದುಃಖದ ಗೆರೆಯೂ ಇಲ್ಲ. ಕಥೆಯ ಕೊನೆಯಲ್ಲಿ ಕಂಪನಿಯ ಎಲ್ಲರಿಗಿಂತ ಮೇಲಿನ ಛೇರ್ಮನ್ ವೋಂಪರ್ ಬರುತ್ತಾನೆ, ಆತನೂ ಒಂದು ಕಾಲಕ್ಕೆ ಕಿಟಕಿ ಒರೆಸಿದವನೇ. ಟ್ವಿಂಬಲ್ ಮತ್ತು ವೋಂಪರ್ ಎರಡೂ ಪಾತ್ರ ಮಾಡಿದ್ದು ಒಬ್ಬನೇ ನಟ, ಸ್ಯಾಮಿ ಸ್ಮಿತ್, ನಾಟಕದಲ್ಲೂ ಸಿನಿಮಾದಲ್ಲೂ. ನಾನು ಎರಡನೇ ಸಲ ನೋಡುವಾಗ ಇದು ಕಣ್ಣಿಗೆ ಬಿತ್ತು. ನೆಲಮಾಳಿಗೆಯಲ್ಲಿ ಕೊಳೆತವನಿಗೂ ತುದಿಯಲ್ಲಿ ಕೂತವನಿಗೂ ಒಂದೇ ಮುಖ.

ಎರಡನೆಯದು ‘ಐ ಬಿಲೀವ್ ಇನ್ ಯು’. ಕೇಳಿದರೆ ಅಪ್ಪಟ ಪ್ರೇಮಗೀತೆ, ಗಾಯಕರು ಅದನ್ನು ಹಾಗೇ ಹಾಡುತ್ತಾರೆ. ನಾಟಕದಲ್ಲಿ ಅದು ಬರುವುದು ಅಧಿಕಾರಿಗಳ ಶೌಚಾಲಯದಲ್ಲಿ. ದೊಡ್ಡ ಮೀಟಿಂಗಿಗೆ ಮುಂಚೆ ಫಿಂಚ್ ಗಡ್ಡ ಹೆರೆದುಕೊಳ್ಳುತ್ತಾ ಕನ್ನಡಿಯಲ್ಲಿನ ತನ್ನದೇ ಮುಖಕ್ಕೆ ಅದನ್ನು ಹಾಡಿಕೊಳ್ಳುತ್ತಾನೆ. ಸುತ್ತ ನಿಂತ ಸಹೋದ್ಯೋಗಿಗಳು ಇವನನ್ನು ಹೇಗಾದರೂ ತಡೆಯಬೇಕು ಎಂದು ಹಲ್ಲು ಕಡಿಯುತ್ತಾರೆ. ಎಲೆಕ್ಟ್ರಿಕ್ ಶೇವರುಗಳ ಸದ್ದಿಗೆ ವಾದ್ಯವೃಂದದಲ್ಲಿ ಕಾಜೂ ಎಂಬ ಆಟಿಕೆ ಪೀಪಿಗಳನ್ನು ಬಳಸಿದ್ದಾರೆ, ಗುಂಯ್ ಗುಂಯ್ ಎನ್ನುತ್ತವೆ. ಇಂಟರ್‌ವ್ಯೂಗೆ ಮುಂಚೆ ನಮ್ಮ ಹಾಸ್ಟೆಲ್ ಬಾತ್‌ರೂಮಿನ ಕನ್ನಡಿ ಮುಂದೆ ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್ ಅಭ್ಯಾಸ ಮಾಡಲು ಕ್ಯೂ ನಿಂತಿರುತ್ತದೆ. 1961ರಲ್ಲೇ ನಮ್ಮನ್ನು ನೋಡಿ ಬರೆದ ಹಾಗಿದೆ. ಫಿಂಚ್ ಕಳ್ಳ, ಆದರೂ ಆ ಹಾಡಿನ ರಾಗದಲ್ಲಿ ಮೋಸವಿಲ್ಲ. ಒಂಟಿ ಹುಡುಗನೊಬ್ಬ ತನ್ನನ್ನು ತಾನೇ ನಂಬಿಸಿಕೊಳ್ಳುವ ರಾಗ ಅದು. ಹತ್ತು ವರ್ಷ ಕೆಲಸದಿಂದ ಕೆಲಸಕ್ಕೆ ಅಲೆದವನಿಗೆ ಆ ಕನ್ನಡಿ ಗೊತ್ತಿತ್ತು.

ಡಿವಿಡಿಯಲ್ಲಿ ಸಿಗದ ಹಾಡುಗಳೂ ಇವೆ. ‘ಕಾಫಿ ಬ್ರೇಕ್’ ಅಂಥದ್ದು, ಮೆಷಿನ್ನಿನಲ್ಲಿ ಕಾಫಿ ಖಾಲಿಯಾಗಿ ಇಡೀ ಆಫೀಸು ಹುಚ್ಚಾಗುವ ಹಾಡು. ನಾಟಕದ ಧ್ವನಿಮುದ್ರಣದಲ್ಲಿದೆ, ಸಿನಿಮಾದಲ್ಲಿ ಇಲ್ಲ. ನಮ್ಮಂಥ ಫಿಲ್ಟರ್ ಕಾಫಿ ಊರಿನವರಿಗೆ ಆದ ಅನ್ಯಾಯ! ಇನ್ನು ಹೆಣ್ಣುಮಕ್ಕಳ ವಿಷಯ. ಆ ಆಫೀಸಿನಲ್ಲಿ ಹುಡುಗಿಯರೆಲ್ಲ ಟೈಪಿಸ್ಟ್, ಸೆಕ್ರೆಟರಿಗಳು, ಅವರ ಗುರಿ ಅಧಿಕಾರಿಯೊಬ್ಬನನ್ನು ಮದುವೆಯಾಗುವುದು. ಇದೂ ಅಣಕವೇ ಎನ್ನುತ್ತಾರೆ. ಜೊತೆಗೆ ಕೂತು ನೋಡಿದ ನನ್ನ ಸಹಪಾಠಿ, ನಮ್ಮ ಕ್ಲಾಸಿನ ಟಾಪರ್, ಅರ್ಧಕ್ಕೇ ಎದ್ದು ಹೋದಳು. ಅವಳನ್ನು ಕರೆದು ಕೂರಿಸಲು ನನ್ನ ಬಳಿ ಒಳ್ಳೆಯ ವಾದ ಇರಲಿಲ್ಲ.

ನಾಟಕಕ್ಕೆ ಏಳು ಟೋನಿ ಪ್ರಶಸ್ತಿ ಬಂತು. ಆ ವರ್ಷದ ಅತ್ಯುತ್ತಮ ಸಂಯೋಜಕ ಪ್ರಶಸ್ತಿ ಮಾತ್ರ ರಿಚರ್ಡ್ ರಾಜರ್ಸ್‌ಗೆ ಹೋಯಿತು. ಫ್ರಾಂಕ್‌ಗೆ ಬರೋಸ್ ಜೊತೆ ಪುಲಿಟ್ಜರ್ ಸಿಕ್ಕಿತು. ಅದಾದ ಮೇಲೆ ಆತನ ಹೊಸ ನಾಟಕ ಯಾವುದೂ ಬ್ರಾಡ್‌ವೇ ಮುಟ್ಟಲಿಲ್ಲ. 1965ರ ‘ಪ್ಲೆಷರ್ಸ್ ಅಂಡ್ ಪ್ಯಾಲೆಸಸ್’ ನ್ಯೂಯಾರ್ಕಿಗೆ ಬರುವ ಮುಂಚೆ ಡೆಟ್ರಾಯಿಟ್‌ನಲ್ಲೇ ನಿಂತುಹೋಯಿತು. ಮಗಳು ಸುಸಾನ್ 1993ರಲ್ಲಿ ತಂದೆಯ ಜೀವನ ಚರಿತ್ರೆ ಬರೆದಿದ್ದಾಳೆ. ನಾಟಕವನ್ನು 2011ರಲ್ಲಿ ಬ್ರಾಡ್‌ವೇಯಲ್ಲಿ ಮತ್ತೆ ಆಡಿದಾಗ ಫಿಂಚ್ ಆದವನು ನಮ್ಮ ಹ್ಯಾರಿ ಪಾಟರ್, ಡೇನಿಯಲ್ ರಾಡ್‌ಕ್ಲಿಫ್.

1969ರ ಜನವರಿಯಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಅಣ್ಣ ಆರ್ಥರ್ ತೀರಿಕೊಂಡ. ಅದೇ ವರ್ಷ ಜುಲೈ 28ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ನ್ಯೂಯಾರ್ಕಿನಲ್ಲಿ ಫ್ರಾಂಕ್ ಹೋದ. ಐವತ್ತೊಂಬತ್ತು ವಯಸ್ಸು. ಸಿನಿಮಾ ಬಿಡುಗಡೆಯಾಗಿ ಎರಡು ವರ್ಷವಾಗಿತ್ತು.